ಬಂಗಾರದ ಬಣ್ಣದ ಮಗು

ಗುಬ್ಬಿಯ ನಮ್ಮಜ್ಜಿಯ ಮನೆಯಲ್ಲಿ ನಾಲ್ಕು ಕೋಣೆಗಳಿದ್ದವು. ಹೆಸರಿದ್ದದ್ದು ಒಂದಕ್ಕೆ ಮಾತ್ರ, ಬಾಣಂತಿ ಕೋಣೆ. ಬಾಣಂತಿಯರಿಲ್ಲದ ದಿನಗಳಲ್ಲಿ ಅಲ್ಲಿ ರಾಗಿ ಚೀಲ, ಹುಣಸೆಹಣ್ಣಿನ ಮಡಕೆ, ಹರಿದ ಚಾಪೆಗಳು ಇರುತ್ತಿದ್ದವು. ಆಗಲೂ ಅದು ಬಾಣಂತಿ ಕೋಣೆಯೇ. ಯಾರಾದರೂ ಹೆತ್ತು ಬಂದರೆ ರಾಗಿ ಚೀಲ ನಡುಮನೆಗೆ ಬರುತ್ತಿತ್ತು, ಇದ್ದ ಒಂದು ಸಣ್ಣ ಕಿಟಕಿಗೆ ಗೋಣಿತಾಟು ತುರುಕುತ್ತಿದ್ದರು, ಸೂರಿನಿಂದ ಒಂದು ಜೀರೋ ಬಲ್ಬು ಇಳಿಯುತ್ತಿತ್ತು. ಅಮ್ಮನ ಇಬ್ಬರು ಅಕ್ಕಂದಿರ ಬಾಣಂತನ ಅಲ್ಲೇ ಆಯಿತು. ನಾನೂ ನನ್ನ ಮೊದಲ ಮೂರು ತಿಂಗಳನ್ನು ಆ ಕತ್ತಲಲ್ಲೇ ಕಳೆದವಳು. ಗಾಳಿ ಮತ್ತು ಬೆಳಕು ಹಸುಗೂಸಿನ ಎರಡು ದೊಡ್ಡ ಶತ್ರುಗಳು ಎಂದು ನಮ್ಮ ಮನೆ ನಂಬಿತ್ತು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಊಟಕ್ಕೆ ಮೆಣಸಿನ ಸಾರು ಮತ್ತು ಬೆಳ್ಳುಳ್ಳಿ. ಕುಡಿಯಲು ನೀರು ಕೇಳಿದರೆ ಅಜ್ಜಿ ಅರ್ಧ ಲೋಟ ಮಾತ್ರ ಕೊಡುತ್ತಿದ್ದಳು.

ಅಜ್ಜಿ ಊರಿಗೆಲ್ಲ ಮಕ್ಕಳಿಗೆ ನೀರು ಹಾಕುವವಳು. ಇದು ಕೂಲಿಯ ಕೆಲಸವಲ್ಲ, ಮರ್ಯಾದೆಯ ಕೆಲಸ. ಕೂಸು ಹುಟ್ಟಿದ ಮನೆಯವರು ಬಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು, ಅಜ್ಜಿ ಸೀರೆಯನ್ನು ಮಂಡಿಯವರೆಗೆ ಎತ್ತಿಕಟ್ಟಿಕೊಂಡು ಹೋಗುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಎರಡು ಕಾಲುಗಳ ನಡುವೆ ಕೂಸನ್ನು ಮಲಗಿಸಿ, ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟಿಗೆ ಅರಿಶಿನ ಕಲಸಿ ಮೈಗೆಲ್ಲ ಉಜ್ಜಿ, ಕೈ ಮುಟ್ಟಿಸಿದರೆ ಚುರ್ರೆನ್ನುವಷ್ಟು ಬಿಸಿನೀರು ಹುಯ್ಯುವಳು. ನೀರು ಮುಗಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿದು, ಮತ್ತೆ ಹಣೆಗೆ, ಅಂಗಾಲಿಗೆ ಅರಿಶಿನ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು. ಅವಳ ಕೈ ಬಿದ್ದ ಮಗು ಗಟ್ಟಿ ಎಂದು ಜನ ಹೇಳುತ್ತಿದ್ದರು. ಅಜ್ಜಿ ಅದನ್ನು ಕೇಳಿಸಿಕೊಳ್ಳದವಳಂತೆ ನಟಿಸುತ್ತಿದ್ದಳು, ಆದರೆ ಮನೆಗೆ ಬಂದು ಆ ಮಾತನ್ನು ನಮಗೆ ಚಾಚೂ ತಪ್ಪದೆ ಹೇಳುತ್ತಿದ್ದಳು.

ಅಪ್ಪನಿಗೆ ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವನು ಅಲ್ಲೇ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದ, ಭಾನುವಾರ ಗಾಡಿ ಹತ್ತಿ ಗುಬ್ಬಿಗೆ ಬರುತ್ತಿದ್ದ. ಹೀಗಾಗಿ ನಾನು, ಅಮ್ಮ ಮತ್ತು ಅಜ್ಜಿ ಮೂವರದ್ದೇ ಸಂಸಾರ. ನನ್ನ ಹತ್ತನೆಯ ವಯಸ್ಸಿನಲ್ಲಿ, ಹತ್ತು ವರ್ಷ ಯಾರೂ ಬರದಿದ್ದ ಅಮ್ಮನ ಹೊಟ್ಟೆಗೆ ಇನ್ನೊಬ್ಬ ಬಂದ. ಗುಬ್ಬಿಯ ಆಸ್ಪತ್ರೆಯಲ್ಲಿ ಬುಧವಾರ ಬೆಳಿಗ್ಗೆ ಹುಟ್ಟಿದ, ಗುರುವಾರ ಮನೆಗೆ ಬಂದ. ಅಪ್ಪನ ಊರು ಕುಣಿಗಲ್ಲಿನ ಕಡೆ, ಆ ಮನೆಯವರ ದೇವರು ಯಡಿಯೂರಿನದು, ಆದ್ದರಿಂದ ಗಂಡಾದರೆ ಸಿದ್ದಲಿಂಗ ಎಂಬುದು ಮೊದಲೇ ನಿಶ್ಚಯವಾಗಿತ್ತು. ನಾಮಕರಣಕ್ಕೆ ಮುಂಚೆ ಹೆಸರು ಕರೆಯಬಾರದು ಎಂದು ಅಜ್ಜಿ ಗದರುತ್ತಿದ್ದಳು. ನಾನು ಬಾಗಿಲಾಚೆ ನಿಂತು ಪಿಸುಗುಟ್ಟುತ್ತಿದ್ದೆ, ಸಿದ್ದೂ.

ಎದೆಯಲ್ಲಿ ಬಂದ ಮೊದಲ ಹಾಲನ್ನು ಅಜ್ಜಿ ಬಟ್ಟೆಗೆ ಹಿಂಡಿಸಿದಳು. ಹಳದಿಯಾಗಿ ಗಟ್ಟಿಯಾಗಿದ್ದ ಅದು ಕೆಟ್ಟ ಹಾಲು ಎಂಬುದು ಅವಳ ತೀರ್ಮಾನ. ಎರಡು ದಿನ ಮಗುವಿಗೆ ಸಕ್ಕರೆ ನೀರು ನೆಕ್ಕಿಸಿದರು. ಮಗು ಮಲಗಿಯೇ ಇರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲೇ ನಿಂತು, ಜೀರೋ ಬಲ್ಬಿನ ಬೆಳಕಲ್ಲಿ ಅವನನ್ನು ನೋಡಿ ಹೋಗುತ್ತಿದ್ದರು.

"ಎಂಥಾ ಬಣ್ಣ ಕಣಕ್ಕ ನಿಮ್ ಮೊಮ್ಮಗಂದು. ಬಂಗಾರ ಬಂಗಾರ ಇದ್ದಂಗವ್ನೆ."

"ದೃಷ್ಟಿ ಹಾಕ್ಬ್ಯಾಡ ಬುಡು," ಎನ್ನುತ್ತಿದ್ದಳು ಅಜ್ಜಿ. "ಅಳೋದೂ ಇಲ್ಲ ಕಣೆ. ಮನೇಲಿ ಕೂಸೈತೆ ಅಂತ್ಲೇ ಗೊತ್ತಾಗಾಕಿಲ್ಲ."

ಬಟ್ಟೆ ಒಗೆಯುವುದು ನನ್ನ ಕೆಲಸ. ಅಮ್ಮನ ಹಳೇ ಸೀರೆ ಹರಿದು ಮಾಡಿದ ತುಂಡುಗಳು, ಎಲ್ಲದರಲ್ಲೂ ಅರಿಶಿನ. ಸೋಪು ಬಿದ್ದ ಕೂಡಲೇ ಕಲೆಗಳು ಕೆಂಪಾಗುತ್ತಿದ್ದವು, ನನಗೆ ಅದನ್ನು ನೋಡುವುದೇ ಆಟ. ಕೋಣೆಯೊಳಗೆ ಮಾತ್ರ ನನಗೆ ಪ್ರವೇಶವಿರಲಿಲ್ಲ. ಪುರುಡು ಕಳೆಯುವ ತನಕ, ಅಂದರೆ ಹನ್ನೊಂದು ದಿನ, ಒಳಗೆ ಹೋಗಿ ಮುಟ್ಟಿದವರು ಸ್ನಾನ ಮಾಡಿಯೇ ಬೇರೆ ಕಡೆ ಕಾಲಿಡಬೇಕು. ಶಾಲೆಯ ಬಟ್ಟೆಯಲ್ಲಿ ಹೊಸಲು ದಾಟಿದರೆ ಅಜ್ಜಿ ಸೌಟು ಹಿಡಿದು ಬರುತ್ತಿದ್ದಳು.

ಶನಿವಾರ ಅರ್ಧ ದಿನದ ಶಾಲೆ. ಆವತ್ತು ಬೆಳಿಗ್ಗೆ ನನ್ನ ಪಕ್ಕ ಕೂರುವವಳು ನಿನ್ನ ತಮ್ಮನ ಕಣ್ಣು ಕಪ್ಪೋ ಬೆಕ್ಕಿನ ಕಣ್ಣೋ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮನೆಗೆ ಬಂದಾಗ ಅಜ್ಜಿ ಪೇಟೆ ಬೀದಿಯ ಯಾರದೋ ಕೂಸಿಗೆ ನೀರು ಹಾಕಲು ಹೋಗಿದ್ದಳು. ಅಮ್ಮ ನಿದ್ದೆಯಲ್ಲಿದ್ದಳು. ನಾನು ಯೂನಿಫಾರಂನಲ್ಲೇ ಒಳಗೆ ಹೋದೆ, ಗೋಣಿತಾಟಿನ ಒಂದು ಮೂಲೆ ಎಳೆದೆ. ಮಧ್ಯಾಹ್ನದ ಬೆಳಕು ನೇರ ಅವನ ಮುಖದ ಮೇಲೆ ಬಿತ್ತು. ಅವನು ಅಳಲಿಲ್ಲ. ನಿಧಾನವಾಗಿ ಒಂದು ಕಣ್ಣು ಬಿಟ್ಟ. ಗುಡ್ಡೆ ಕಪ್ಪೇ. ಅದರ ಸುತ್ತ ಬಿಳಿ ಇರಬೇಕಾದ ಕಡೆ ಹಣ್ಣಾದ ನಿಂಬೆಯ ಸಿಪ್ಪೆಯ ಬಣ್ಣವಿತ್ತು. ಅರಿಶಿನ ಕಣ್ಣೊಳಗೆ ಹೋಗಿರಬೇಕು ಅಂದುಕೊಂಡೆ. ಮರುಗಳಿಗೆಯೇ, ಅರಿಶಿನ ಕಣ್ಣಿಗೆ ಹೋದರೆ ಉರಿಯುತ್ತದೆ, ಉರಿದರೆ ಅಳಬೇಕಲ್ಲ ಎಂದೂ ಹೊಳೆಯಿತು. ಅಷ್ಟರಲ್ಲಿ ಬೀದಿಬಾಗಿಲು ಸದ್ದಾಯಿತು. ಗೋಣಿತಾಟು ತುರುಕಿ ಹಿತ್ತಲಿಗೆ ಓಡಿದೆ. ಕಂಡದ್ದನ್ನು ಹೇಳಬೇಕಾದರೆ ಕಿಟಕಿ ತೆಗೆದದ್ದನ್ನೂ, ಯೂನಿಫಾರಂನಲ್ಲಿ ಒಳಗೆ ಹೋದದ್ದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಯಾರೂ ಹೇಳದೆಯೇ ತಲೆಗೆ ಸ್ನಾನ ಮಾಡಿದೆ, ಅಜ್ಜಿ ಮೆಚ್ಚಿಕೊಂಡಳು.

ಭಾನುವಾರ ಅಪ್ಪ ಬಂದ. ಗಂಡಸರು ನಾಮಕರಣದ ತನಕ ಬಾಣಂತಿ ಕೋಣೆಗೆ ಹೋಗುವುದಿಲ್ಲ. ಅವನು ನಡುಮನೆಯಲ್ಲಿ ರಾಗಿ ಚೀಲಕ್ಕೆ ಒರಗಿ ಕೂತು ಮುದ್ದೆ ಉಂಡ. ಅಜ್ಜಿ ಮಗುವನ್ನು ಸುತ್ತಿ ಹೊಸಲ ತನಕ ತಂದು ತೋರಿಸಿ ಒಳಗೆ ಒಯ್ದಳು. ಹೊರಡುವ ಮುಂಚೆ ಅಪ್ಪ ಗಾಡಿಯ ಹತ್ತಿರ ನನ್ನನ್ನು ಕರೆದ. ಒಳಗಿನ ಸುದ್ದಿಯನ್ನು ದೊಡ್ಡವರನ್ನು ಕೇಳಲು ಅವನಿಗೆ ನಾಚಿಕೆ.

"ಪಾಪು ಚೆನ್ನಾಗವ್ನೇನೆ, ಗಿರ್ಜಿ?"

"ಚೆನ್ನಾಗವ್ನೆ. ಅಳೋದೇ ಇಲ್ಲ," ಎಂದೆ.

"ನೀನು ಬೋ ಅಳ್ತಿದ್ದೆ ಕಣೇ," ಎಂದು ಅಪ್ಪ ನಕ್ಕು ಗಾಡಿ ಒದ್ದ.

ಸೋಮವಾರ ನರ್ಸಮ್ಮ ಬಂದಳು. ಅವಳು ಮನೆಮನೆ ತಿರುಗುವ ಹೆಂಗಸು, ಕೈಯಲ್ಲಿ ಒಂದು ರಿಜಿಸ್ಟರು, ಹೆಗಲಲ್ಲಿ ಚೀಲ. ಅಮ್ಮನಿಗೆ ಕಬ್ಬಿಣದ ಮಾತ್ರೆ ಕೊಟ್ಟಳು, ಹೊಲಿಗೆ ನೋಯುತ್ತದೆಯೇ ಕೇಳಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಮಗು ಹಳದಿ ಏನಾದ್ರೂ ಆಗೈತಾ ಅಜ್ಜಿ?"

"ಅರಿಶಿನ ಹಚ್ಚಿದ್ಮೇಲೆ ಹಳದಿ ಆಗ್ದೆ ಇನ್ನೇನಾಯ್ತದೆ ತಾಯಿ?"

ಇಬ್ಬರೂ ನಕ್ಕರು. ಬಾಗಿಲಲ್ಲಿದ್ದ ನಾನು ನಗಲಿಲ್ಲ. ನಾಳೆ ಒಂದಿನ ಅರಿಶಿನ ಹಚ್ಚಬೇಡಿ, ಬಂದು ಬೆಳಕಲ್ಲಿ ನೋಡುತ್ತೇನೆ ಎಂದು ನರ್ಸಮ್ಮ ಹೇಳಿಹೋದಳು. ಮಾರನೆಯ ದಿನ ಅವಳನ್ನು ಬೇರೆ ಹಳ್ಳಿಗೆ ಹಾಕಿದ್ದರಂತೆ, ಬರಲಿಲ್ಲ. ಮಂಗಳವಾರ ಮಗು ಹಾಲು ಚೀಪುವುದನ್ನು ಬಿಟ್ಟಿತು. ಬುಧವಾರ ಬೆಳಿಗ್ಗೆ ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಒಳಗಿಂದ ಒಂದು ಕೂಗು ಬಂತು. ಅದು ಮಗುವಿನ ಅಳುವಿನಂತಿರಲಿಲ್ಲ. ಸಣ್ಣಗೆ, ಮೊನಚಾಗಿ, ನಿಲ್ಲಿಸದೆ ಎಳೆದ ದನಿ. ಅಜ್ಜಿ ಅರ್ಧ ಹೆಣೆದ ಜಡೆ ಬಿಟ್ಟು ಓಡಿದಳು. ಮಗು ಬಿಲ್ಲಿನ ಹಾಗೆ ಬೆನ್ನು ಹಿಂದಕ್ಕೆ ಬಾಗಿಸಿ ಸೆಟೆದುಕೊಂಡಿತ್ತು.

"ಬಾಲಗ್ರಹ ಕಣೆ. ವಿಭೂತಿ ತತ್ತೀನಿ, ತಡಿ."

"ಬ್ಯಾಡ ಅವ್ವ," ಎಂದಳು ಅಮ್ಮ. ಆ ಎಂಟು ದಿನದಲ್ಲಿ ಅವಳು ಅಜ್ಜಿಗೆ ಎದುರಾಡಿದ್ದು ಅದೊಂದೇ ಸಲ. "ಗಾಡಿ ಕರ್ಸು. ಆಸ್ಪತ್ರೆಗೆ ಹೋಗಾನ."

ಗುಬ್ಬಿಯ ಡಾಕ್ಟರು ಒಂದು ನೋಟ ನೋಡಿ ತುಮಕೂರಿಗೆ ಚೀಟಿ ಬರೆದರು. ಬಾಡಿಗೆ ಕಾರಿನಲ್ಲಿ ಹಿಂದೆ ಅಮ್ಮ, ಅಜ್ಜಿ, ನಾನು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು, ಹಾಗೇ ಹೋಗಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಿನ ಡಾಕ್ಟರಮ್ಮ ಮಗುವಿನ ಬಟ್ಟೆ ಬಿಚ್ಚಿದರು. ಹತ್ತಿಯನ್ನು ನೀರಲ್ಲಿ ಅದ್ದಿ ಎದೆಯ ಮೇಲಿನ ಅರಿಶಿನ ಒರೆಸಿದರು. ಮತ್ತೆ ಒರೆಸಿದರು. ಹತ್ತಿ ಬೆಳ್ಳಗೆ ಬರುವ ತನಕ ಒರೆಸಿ, ಹೆಬ್ಬೆರಳಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಕೂಡ ಹಳದಿಯಾಗಿಯೇ ಉಳಿಯಿತು. ಕೈ, ಕಾಲು, ಅಂಗಾಲು, ಎಲ್ಲ ಕಡೆಯೂ ಹಾಗೇ. ಅವನನ್ನು ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪಗಳ ಕೆಳಗೆ ಮಲಗಿಸಿದರು, ಮೈಯ ರಕ್ತ ತೆಗೆದು ಬೇರೆ ರಕ್ತ ಹಾಕಿದರು. ಅಪ್ಪ ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದ. ಎರಡು ದಿನ ಬಿಟ್ಟು ಡಾಕ್ಟರಮ್ಮ ನಮ್ಮನ್ನು ಕೂರಿಸಿ ಹೇಳಿದರು. ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ಹೊಂದಿಕೆಯಿಲ್ಲ. ಜಾಂಡೀಸ್ ಏರಿ ಮಿದುಳಿಗೆ ಹೋಗಿದೆ. ಬದುಕುತ್ತಾನೆ, ಆದರೆ ಕತ್ತು ನಿಲ್ಲುವುದು, ಕೂರುವುದು, ಕಿವಿ ಕೇಳುವುದು, ಇದ್ಯಾವುದನ್ನೂ ಈಗ ಹೇಳಲಾಗದು.

"ಜಾಂಡೀಸು ದೊಡ್ಡೋರ್ಗೆ ಅಲ್ವಾ ತಾಯಿ ಬರಾದು?" ಎಂದಳು ಅಜ್ಜಿ.

"ಹುಟ್ಟಿದ ಮಕ್ಕಳಿಗೂ ಬರುತ್ತೆ ಅಜ್ಜಿ. ಎಷ್ಟೋ ಮಕ್ಕಳಿಗೆ ಬಂದು ತಾನಾಗೇ ಹೋಗುತ್ತೆ. ಹೆಚ್ಚಾದ್ರೆ ಲೈಟ್ ಕೆಳಗೆ ಇಡ್ತೀವಿ. ಇವನಿಗೂ ಅಷ್ಟೇ ಸಾಕಾಗ್ತಿತ್ತು. ಮೂರು ದಿನ ಮುಂಚೆ ತಂದಿದ್ರೆ."

ಕರೆದುಕೊಂಡು ಬಂದದ್ದು ಬುಧವಾರ. ನಾನು ಬೆರಳು ಮಡಿಸಿ ಎಣಿಸಿದೆ. ಮಂಗಳವಾರ, ಸೋಮವಾರ, ಭಾನುವಾರ. ಅಳು ಬರಲಿಲ್ಲ. ಗೋಡೆಗೆ ಬಳಿದ ಹಸಿರು ಬಣ್ಣ ಎಲ್ಲಿಗೆ ನಿಂತು ಬಿಳಿ ಎಲ್ಲಿಂದ ಶುರುವಾಗುತ್ತದೆ ಎಂದು ನೋಡುತ್ತಾ ಕೂತಿದ್ದೆ. ಆಮೇಲೆ ಹಲವು ವರ್ಷ ನನಗೆ ಬೇಕಾದಾಗಲೆಲ್ಲ ಹಾಗೆ ಕೂರುವುದು ಅಭ್ಯಾಸವಾಯಿತು. ಯಾರು ಬೈದರೂ, ಯಾರು ಸತ್ತರೂ, ನಾನು ಗೋಡೆಯ ಬಣ್ಣ ನೋಡುತ್ತಿದ್ದೆ. ಗಟ್ಟಿ ಹುಡುಗಿ ಎಂದರು. ಅದು ಗಟ್ಟಿತನ ಅಲ್ಲ, ಚಳಿಗಾಲದ ಬೆಳಿಗ್ಗೆ ತಣ್ಣೀರಲ್ಲಿ ಬಟ್ಟೆ ಒಗೆದ ಮೇಲೆ ಬೆರಳು ಇದ್ದೂ ಇಲ್ಲದಂತಾಗುತ್ತದಲ್ಲ, ಅದು.

ಸಿದ್ದುವಿನ ಕತ್ತು ನಿಲ್ಲಲಿಲ್ಲ. ಕಿವಿ ಕೇಳಲಿಲ್ಲ. ಯಡಿಯೂರಿನ ದೇವರ ಹೆಸರನ್ನು ಹನ್ನೊಂದನೆಯ ದಿನದ ಬದಲು ಮೂರನೆಯ ತಿಂಗಳಲ್ಲಿ ಇಟ್ಟರು, ಅಪ್ಪನ ಅಕ್ಕ ಶಾಸ್ತ್ರದಂತೆ ಅವನ ಕಿವಿಯಲ್ಲಿ ಮೂರು ಸಲ ಹೇಳಿದಳು. ದೊಡ್ಡ ಆಸ್ಪತ್ರೆಗೆ ಹತ್ತಿರವಿರಲೆಂದು ಅಪ್ಪ ಕ್ಯಾತ್ಸಂದ್ರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಅವಳು ಗುಬ್ಬಿಯ ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಪಕ್ಕದ ಮನೆಗೆ ಕೊಟ್ಟು, ಲಗೇಜಿನ ಟೆಂಪೋದಲ್ಲಿ ಬಂದು ಕೂತಳು. ಅಮ್ಮ ಜರುಗಿ ಜಾಗ ಕೊಟ್ಟಳು. ಆಮೇಲೂ ಗುಬ್ಬಿಯಿಂದ ಒಬ್ಬಿಬ್ಬರು ಕೂಸಿಗೆ ನೀರು ಹಾಕಲು ಕರೆಯಲು ಬಂದಿದ್ದರು. ಕೈ ನಡುಗುತ್ತದೆ, ಆಗುವುದಿಲ್ಲ ಎಂದು ಕಳಿಸಿದಳು. ಅವಳ ಕೈ ನಡುಗುತ್ತಿರಲಿಲ್ಲ. ಅದೇ ಕೈಯಲ್ಲಿ ಸಿದ್ದುವಿಗೆ ದಿನಾ ನೀರು ಹಾಕುತ್ತಿದ್ದಳು. ಅವನು ಉದ್ದವಾಗುತ್ತಾ ಹೋದ, ಕಾಲುಗಳ ನಡುವೆ ಹಿಡಿಸದಾದ ಮೇಲೆ ಬಚ್ಚಲಲ್ಲಿ ಚಾಪೆ ಹಾಸಿ ಮಲಗಿಸಿ, ಸೋಪು ಮಾತ್ರ ಹಚ್ಚಿ ತೊಳೆಯುತ್ತಿದ್ದಳು. ಹದಿನೇಳು ವರ್ಷ ಅವನು ಬದುಕಿದ್ದ. ಅಷ್ಟು ವರ್ಷದಲ್ಲಿ ಅವನ ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲ.

ಆ ಎಂಟು ದಿನಗಳ ಬಗ್ಗೆ ಮನೆಯಲ್ಲಿ ಮಾತಿಲ್ಲ. ಅಮ್ಮ ಅಜ್ಜಿಯನ್ನು ಒಂದು ದಿನವೂ ದೂರಲಿಲ್ಲ. ಅಡಿಗೆಗೆ ಅರಿಶಿನ ಹಾಕುವುದನ್ನು ಮಾತ್ರ ಬಿಟ್ಟಳು. ಬಿಟ್ಟಿದ್ದೇನೆ ಎಂದು ಹೇಳಲಿಲ್ಲ, ಡಬ್ಬಿ ಖಾಲಿಯಾದ ಮೇಲೆ ತುಂಬಿಸಲಿಲ್ಲ. ನಮ್ಮ ಮನೆಯ ಸಾರು, ಚಿತ್ರಾನ್ನ ಎಲ್ಲ ಬಿಳಿಚಿಕೊಂಡಿರುತ್ತಿತ್ತು. ಕುಣಿಗಲ್ಲಿನಿಂದ ಅಪ್ಪನ ಅಕ್ಕ ಬಂದಾಗಲೆಲ್ಲ ಎಲೆಯ ಮುಂದೆ ಕೂತು ಕೇಳುತ್ತಿದ್ದಳು.

"ಇದೇನಮ್ಮ, ಚಿತ್ರಾನ್ನ ಹಿಂಗ್ ಬೆಳ್ಳಗೈತೆ?"

"ಅರಿಶಿನ ಮುಗ್ದೋಗೈತೆ ಅತ್ತಿಗೆ. ತರ್ಬೇಕು," ಎನ್ನುತ್ತಿದ್ದಳು ಅಮ್ಮ.

ಹತ್ತು ವರ್ಷ ನಮ್ಮ ಮನೆಯಲ್ಲಿ ಅರಿಶಿನ ಮುಗಿದೇ ಇತ್ತು. ಹಬ್ಬದ ದಿನ ಅಜ್ಜಿ ತಲೆ ತಗ್ಗಿಸಿ ಆ ಬಿಳಿ ಅನ್ನ ಉಣ್ಣುತ್ತಿದ್ದಳು. ಅಪ್ಪ ಒಂದೇ ಒಂದು ಸಲ, ಯಾವುದೋ ಸಣ್ಣ ಜಗಳದ ನಡುವೆ, "ನಾನು ಅವತ್ತು ಒಳಿಕ್ಕೆ ಬಂದು ನೋಡಿದ್ರೆ" ಎಂದು ಶುರುಮಾಡಿದ. ನಾನು ತಟ್ಟೆ ಹಿಡಿದು ಎದ್ದು ಹೋದೆ. ಅವನು ಆ ಮಾತನ್ನು ಮುಗಿಸಿದನೋ ಇಲ್ಲವೋ ಗೊತ್ತಿಲ್ಲ. ಭಾನುವಾರ ಅವನು ಗಾಡಿ ಒದ್ದ ಮೇಲೆ ನಾನು ಏನು ಮಾಡಿದೆ ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಕುಂಟೆಬಿಲ್ಲೆ ಆಡಿರಬೇಕು.

ಪಿಯುಸಿ ಮುಗಿಸಿ ನಾನು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತು, ತುಮಕೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿಗೆ ಸೇರಿದೆ. ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿಯ ಕಾರ್ಡು. ಜನರ ಸುಖದುಃಖವನ್ನೆಲ್ಲ ಅಕ್ಷರದ ಗಾತ್ರದಲ್ಲಿ ನೋಡುವ ಕೆಲಸ, ನನಗೆ ಹೇಳಿ ಮಾಡಿಸಿದ್ದು. ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಂಸ್ಥೆಯವರು ಅಂಗನವಾಡಿಗಳಿಗೆ ಹಂಚುವ ಪುಸ್ತಿಕೆಯ ಕೈಬರಹ ತಂದುಕೊಟ್ಟರು. ತಾಯಿ ಮತ್ತು ಶಿಶುವಿನ ಆರೋಗ್ಯದಲ್ಲಿ ಬಳಸುವ ಪದಗಳು, ಪ್ರತಿಯೊಂದಕ್ಕೂ ಎರಡು ಮೂರು ಸಾಲಿನ ಅರ್ಥ. ಬರೆದ ಡಾಕ್ಟರ ಕೈಬರಹ ದೇವರಿಗೇ ಪ್ರೀತಿ. ರಕ್ತಹೀನತೆ, ಗರ್ಭಿಣಿಯ ನಂಜು, ಅವಧಿಗೆ ಮುಂಚಿನ ಹೆರಿಗೆ, ಮೊದಲ ಹಾಲು. ಟೈಪು ಮಾಡುತ್ತಾ ಹೋದಂತೆ, ಇವಕ್ಕೆಲ್ಲ ನಮ್ಮ ಗುಬ್ಬಿಯ ಮನೆಯಲ್ಲೂ ಒಂದೊಂದು ಮಾತಿತ್ತು ಎಂದು ಗೊತ್ತಾಯಿತು. ಬಸುರಿಯ ಕಾಲೂತ, ತಿಂಗಳು ತುಂಬದ ಕೂಸು, ಕೆಟ್ಟ ಹಾಲು. ಆಮೇಲೆ ನವಜಾತ ಶಿಶುವಿನ ಕಾಮಾಲೆ ಬಂತು. ಹುಟ್ಟಿದ ಕೆಲವು ದಿನಗಳಲ್ಲಿ ಮಗುವಿನ ಚರ್ಮ ಮತ್ತು ಕಣ್ಣಿನ ಬಿಳಿಭಾಗ ಹಳದಿಯಾಗುವುದು. ಬಹುಪಾಲು ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಹೆಚ್ಚಾದರೆ, ಮಗು ಹಾಲು ಕುಡಿಯದಿದ್ದರೆ, ಸದಾ ಮಂಪರಿನಲ್ಲಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೂರು ಸಾಲು. ನಾವು ಅದಕ್ಕೆ ಬಂಗಾರದ ಬಣ್ಣ ಎಂದಿದ್ದೆವು. ನನಗೆ ಏನೂ ಅನ್ನಿಸಲಿಲ್ಲ. 'ಕಾಮಲೆ' ಎಂದು ದೀರ್ಘ ಬಿಟ್ಟು ಬರೆದಿದ್ದರು, ಸರಿಮಾಡಿದೆ.

ಪ್ರೂಫು ನೋಡಲು ಹಾಳೆಗಳನ್ನು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ, ಅಮ್ಮ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಳು, ಅಜ್ಜಿ ಸಿದ್ದುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. ಜೋರಾಗಿ ಓದಿದರೆ ತಪ್ಪು ಸಿಗುತ್ತದೆಂದು ನಾನು ಯಾವಾಗಲೂ ಜೋರಾಗಿ ಓದುವವಳು. ಆವತ್ತು ಬೇಕೆಂದೇ ಓದಿದೆನೋ, ಅಭ್ಯಾಸಬಲದಿಂದಲೋ ಹೇಳಲಾರೆ. ಆ ಪದ ಬಂದಾಗ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಮೂರು ಸಾಲು ಮುಗಿಸಿ ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಅಜ್ಜಿ ಚಮಚ ಕೆಳಗಿಟ್ಟಳು.

"ಅರಿಶಿನದ ಮಾತು ಬರ್ದವ್ರಾ?"

"ಇಲ್ಲ ಅಜ್ಜಿ."

"ಡಾಕ್ಟ್ರೇ ಬರ್ದಿರಾದಾ?"

"ಹೂಂ. ಅವರ ಮನೇಲಿ ಹಚ್ಚಲ್ವೇನೋ."

ಅಜ್ಜಿ ಸಿದ್ದುವಿನ ಬಾಯಿ ಒರೆಸಿದಳು. ಒಳಗೆ ಅವರೆಕಾಯಿ ಬಿಡಿಸುವ ಸದ್ದು ನಿಂತಿತ್ತು.

"ಬರ್ಕೊ," ಎಂದಳು ಅಜ್ಜಿ. "ಅರಿಶಿನ ಹಚ್ಚಿದ ಕೂಸು ಹಳದಿ ಆಗೈತೋ ಇಲ್ವೋ ಗೊತ್ತಾಗಾಕಿಲ್ಲ. ತೊಳ್ದು, ಬೆಳಕಿಗೆ ಹಿಡ್ದು ಕಣ್ಣು ನೋಡಿ. ಬರ್ಕೊಂಡ?"

"ಬರ್ಕೊಂಡೆ."

"ನಾಕನೇ ದಿನ ನೀರು ಹಾಕ್ಬೇಕಾರೆ ಕಣ್ಣು ಬಿಟ್ಟ. ನೋಡ್ದೆ ನಾನು. ಏಸೋ ಮಕ್ಕಳಿಗೆ ಬಂದು ಹೋಗಿತ್ತು, ನಾಳೀಕೆ ಹೋಯ್ತದೆ ಅನ್ಕೊಂಡೆ. ಊರಿಗೆಲ್ಲ ನೀರು ಹಾಕೋಳು ತನ್ನ ಮೊಮ್ಮಗನ್ನ ಆಸ್ಪತ್ರೆಗೆ ಹೊತ್ಕೊಂಡೋದ್ಲು ಅಂತಾರಲ್ಲ ಅಂತ ಸುಮ್ನಾದೆ. ನರ್ಸಮ್ಮ ಕೇಳಿದ್ಲು. ನಕ್ಕುಬುಟ್ಟೆ." ಚಮಚವನ್ನು ಮತ್ತೆ ಗಂಜಿಗೆ ಅದ್ದುತ್ತಾ ಹೇಳಿದಳು, "ಇದನ್ನ ಬರೀಬ್ಯಾಡ ಮಗ."

ನಾಲ್ಕನೆಯ ದಿನ ಎಂದರೆ ಶನಿವಾರ. ಬೆಳಿಗ್ಗೆ ಅವಳು ನೋಡಿದ್ದಾಳೆ, ಮಧ್ಯಾಹ್ನ ನಾನು. ಅಮ್ಮ ಒಳಗಿಂದ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವರೆಕಾಯಿ ಬಿಡಿಸುವ ಸದ್ದು ಮತ್ತೆ ಶುರುವಾಯಿತು. ನಾನೂ ನೋಡಿದ್ದೆ ಅಜ್ಜಿ, ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಎಪ್ಪತ್ತು ದಾಟಿದ ಆ ಹೆಂಗಸು ಹನ್ನೆರಡು ವರ್ಷ ಒಬ್ಬಳೇ ಹೊತ್ತದ್ದರಲ್ಲಿ ಅರ್ಧ ನನ್ನದು. ಒಂದು ಮಾತು ಹೇಳಿದ್ದರೆ ಅಷ್ಟು ಇಳಿಯುತ್ತಿತ್ತು. ಬಾಯಿ ತೆರೆದೆ. ಮುಂದಿನ ಪದ ಓದಿದೆ.

ಅಜ್ಜಿ ಹೇಳಿದ ಎರಡು ವಾಕ್ಯಗಳನ್ನು ಸೋಮವಾರ ಪುಸ್ತಿಕೆಗೆ ಸೇರಿಸಿದೆ. ಡಾಕ್ಟರು ಪ್ರೂಫು ನೋಡಿ ಪಕ್ಕದಲ್ಲಿ ಟಿಕ್ ಹಾಕಿ ಕಳಿಸಿದರು, ಯಾರು ಸೇರಿಸಿದ್ದು ಎಂದು ಕೇಳಲಿಲ್ಲ. ಅಚ್ಚಾಯಿತು, ಹಂಚಿಕೆಯಾಯಿತು. ಸಿದ್ದು ಹೋದ ಮರುವರ್ಷ ಅಜ್ಜಿಯೂ ಹೋದಳು, ಆ ಶನಿವಾರ ನಾನೂ ನೋಡಿದ್ದೆ ಎಂಬುದನ್ನು ತಿಳಿಯದೆಯೇ. ತಪ್ಪೆಲ್ಲ ತನ್ನೊಬ್ಬಳದೇ ಎಂದುಕೊಂಡೇ ಹೋದಳು.